ಎರಡು ಗೇಟುಗಳ ನಡುವೆ

ಮಾರ್ಚ್ ೨, ಭಾನುವಾರ

ಕಾರಿನ ಗಾಜಿಗೆ ಅಂಟಿಸುವ ಟ್ಯಾಗು ಕೊನೆಗೂ ಮನೆಗೆ ಬಂತು. ಇಷ್ಟು ದಿನ ಸೇತುವೆಯ ಈ ತುದಿಯಲ್ಲೊಬ್ಬ, ಆ ತುದಿಯಲ್ಲೊಬ್ಬ ಕೂತು ಚೀಟಿ ಹರಿದು ಕೊಡುತ್ತಿದ್ದರು. ಇನ್ನು ಮೇಲೆ ಗೇಟೇ ಗಾಜಿನೊಳಗೆ ಇಣುಕಿ, ಟ್ಯಾಗು ಓದಿ, ತಾನಾಗಿ ಏಳುತ್ತದಂತೆ. ಬೆಳಕಿಗೆ ಹಿಡಿದು ನೋಡಿದೆ. ಅಂಗೈಗಿಂತ ಚಿಕ್ಕದು, ಒಳಗೆ ಕೂದಲೆಳೆಯಂಥ ಲೋಹದ ಸುರುಳಿ. ಬ್ಯಾಟರಿ ಇಲ್ಲ, ದೀಪ ಇಲ್ಲ. ಗೇಟಿನಿಂದ ಬರುವ ಅಲೆ ತಾಗಿದಾಗ ಎಚ್ಚರಗೊಂಡು, ತನ್ನ ನಂಬರು ಹೇಳಿ, ಮತ್ತೆ ಮಲಗಿಬಿಡುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಮೇಷ್ಟ್ರು ಅಂದರೆ ನನ್ನ ಗಂಡ. ಶಾಲೆಯಲ್ಲಿ ಗಣಿತ, ಮನೆಯಲ್ಲಿ ಸಕಲ ವಿಷಯ.

ಕಾರು ಪ್ರತಿ ಸಲ ಗೇಟು ದಾಟಿದಾಗ ಯಾವುದಾದರೊಂದು ಫೋನಿಗೆ ಸಂದೇಶ ಹೋಗಬೇಕು. ಮಾವನದು ಬಟನ್ ಫೋನು, ಅತ್ತೆಯದು ಸದಾ ದಿಂಬಿನ ಕೆಳಗೆ, ಮೇಷ್ಟ್ರದು ತರಗತಿಯಲ್ಲಿ ಬಂದ್. "ನಿನ್ನ ನಂಬರೇ ಕೊಡು" ಎಂದರು. ನನಗೆ ಓಡಿಸಲೂ ಬಾರದ ಕಾರಿನ ಸಮಾಚಾರವೆಲ್ಲ ನನ್ನ ತಲೆಗೆ ಬಂತು.

ಮಾವನಿಗೆ ಮಾತ್ರ ಸುತರಾಂ ಇಷ್ಟವಿಲ್ಲ. ಕೂದಲು ಹಣ್ಣಾಗುವವರೆಗೆ ಬಸ್ಸು ಓಡಿಸಿ, ಒಂದು ಕೋಳಿಗೂ ಚಕ್ರ ತಾಗಿಸದೆ ನಿವೃತ್ತರಾದವರು. "ಗಾಜಿನ ಮೇಲೆ ನೊಣ ಕೂತ್ರೂ ನಂಗೆ ಆಗಲ್ಲ. ಇನ್ನು ಸ್ಟಾಂಪು ಅಂಟಿಸ್ಕೊಂಡು ಓಡಿಸ್ಲಾ?" ಎಂದು ಅದನ್ನು ತೆಗೆದುಕೊಂಡು ಹೋಗಿ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದರು.

ಮಾರ್ಚ್ ೪, ಮಂಗಳವಾರ

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮಂಗಳವಾರ, ಶುಕ್ರವಾರ ಮಾವ ಅತ್ತೆಯನ್ನು ಕರೆದುಕೊಂಡು ಸೇತುವೆಯಾಚೆ ಹೋಗುತ್ತಾರೆ. ಅತ್ತೆಯ ಅಕ್ಕ, ನಮ್ಮ ದೊಡ್ಡತ್ತೆ, ಅಲ್ಲಿನ ಆರೈಕೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಯಾರ ಗುರುತೂ ಉಳಿದಿಲ್ಲ, ಅತ್ತೆಯ ಕೈಯೊಂದು ಬಿಟ್ಟು. ಆ ಕೈ ತುತ್ತು ಹಿಡಿದರೆ ಮಾತ್ರ ಬಾಯಿ ತೆರೆಯುತ್ತಾರೆ. ಆ ಕಡೆಗೆ ನೇರ ಬಸ್ಸಿಲ್ಲ, ಹಾಗಾಗಿ ಕಾರು ನಮ್ಮ ಮನೆಯಲ್ಲಿ ಶೋಕಿಗಲ್ಲ.

ಇವತ್ತು ಮಾವ ಗೇಟಿನ ಮುಂದೆ ನಿಲ್ಲಿಸಿ, ಪೆಟ್ಟಿಗೆಯಿಂದ ಟ್ಯಾಗು ತೆಗೆದು, ಕಿಟಕಿಯಿಂದ ಕೈ ಚಾಚಿ ಗೇಟಿಗೇ ತೋರಿಸಿದರಂತೆ. ಏಳಲಿಲ್ಲ. ತಿರುಗಿಸಿ ತೋರಿಸಿದರಂತೆ. ಏಳಲಿಲ್ಲ. "ಪಾಸ್ ಇದೆ ಕಣಯ್ಯಾ, ತೆಗಿ!" ಎಂದು ಗೇಟಿನ ಅಡ್ಡಕಂಬಕ್ಕೆ ಗದರಿದ್ದಾರೆ. ಹಿಂದೆ ವಾಹನಗಳ ಸಾಲು. ಕೊನೆಗೆ ಗೇಟಿನವನು ಓಡಿ ಬಂದು, "ಯಜಮಾನ್ರೇ, ಅದು ಕೈಯಲ್ಲಿ ಇರೋದಲ್ಲ, ಗಾಜಲ್ಲಿ ಇರೋದು" ಎಂದನಂತೆ. ಇದನ್ನೆಲ್ಲ ಅತ್ತೆ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರೆ ಮಾವ ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದರು.

ಮಾರ್ಚ್ ೫, ಬುಧವಾರ

ಅಂಟಿಸಿಯಾಯಿತು. ಅಂಗಡಿಯಿಂದ ಲೆನ್ಸ್ ಒರೆಸುವ ಬಟ್ಟೆ ತಂದು ಗಾಜು ಉಜ್ಜಿಕೊಟ್ಟೆ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು, ಗಾಜು ಒರೆಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಾರಿನ ಒಳಗನ್ನಡಿಯ ಹಿಂದೆ, ಮುಂಗಾಜಿನ ಮೇಲೆ ಸಣ್ಣ ಕಪ್ಪು ಚುಕ್ಕೆಗಳ ಒಂದು ಚೌಕ ಇರುತ್ತದೆ. ಟ್ಯಾಗು ಅಲ್ಲೇ ಕೂರಬೇಕು. ಒಮ್ಮೆ ಅಂಟಿಸಿದರೆ ಮುಗಿಯಿತು, ಕೀಳಲು ಹೋದರೆ ಸುರುಳಿ ಹರಿದು ಸತ್ತೇ ಹೋಗುತ್ತದೆ.

"ನನ್ನ ಗಾಡಿಗೆ ನಾನೇ ಅಂಟಿಸ್ತೀನಿ" ಎಂದು ಮಾವ ಹಟ ಹಿಡಿದರು. ಬೆರಳಿನಿಂದ ಗಾಜನ್ನು ತಡಕಿ ತಡಕಿ, ಚೌಕದ ಅರ್ಧ ಒಳಗೆ, ಅರ್ಧ ಹೊರಗೆ, ಸೊಟ್ಟಕ್ಕೆ ಒತ್ತಿಬಿಟ್ಟರು. "ನೆಟ್ಟಗಿದೆಯಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ದಾರ ಹಿಡಿದ ಹಾಗಿದೆ" ಎಂದುಬಿಟ್ಟರು.

ನಾನು ದಿನವಿಡೀ ಇಂಥ ಬೆರಳುಗಳನ್ನೇ ನೋಡುವವಳು. ಮಾವನಿಗೆ ಚುಕ್ಕೆಗಳು ಕಂಡಿಲ್ಲ. ಇದನ್ನು ಕೇಸಿನ ಹಾಗೆ ಗಮನಿಸಬೇಕು.

ಮಾರ್ಚ್ ೧೧, ಮಂಗಳವಾರ

'ನಿಮ್ಮ ವಾಹನ ಪಶ್ಚಿಮ ದ್ವಾರ ದಾಟಿದೆ.' ಸ್ವಲ್ಪ ಹೊತ್ತಿಗೆ 'ಪೂರ್ವ ದ್ವಾರ ದಾಟಿದೆ.' ಸೊಟ್ಟಗಿದ್ದರೂ ಓದುತ್ತದೆ, ಪಾಪ. ಅಂಗಡಿಯಲ್ಲಿ ಕೂತೇ ನದಿ ದಾಟಿದಂತಾಯಿತು. ಮಜಾ ಇದೆ ಇದು. ಒಬ್ಬರಿಗೆ ಫ್ರೇಮು ಸರಿಮಾಡಿ ಕೊಡುವಷ್ಟು ಹೊತ್ತು ಸೇತುವೆ.

ಏಪ್ರಿಲ್ ೮, ಮಂಗಳವಾರ

ಇವತ್ತು ಪಶ್ಚಿಮ ದ್ವಾರದ ಸಂದೇಶ ಬಂದ ಮೇಲೆ ಪೂರ್ವದ್ದು ಬರಲೇ ಇಲ್ಲ. ಒಬ್ಬ ಗಿರಾಕಿಯ ಎರಡೂ ಕಣ್ಣು ಪರೀಕ್ಷೆ ಮಾಡಿ ಮುಗಿಸಿದೆ. ಇನ್ನೊಬ್ಬರು ಬಂದು ಕೂತರು, ಅವರದ್ದೂ ಮುಗಿಯಿತು. ಮತ್ತೆ ಮತ್ತೆ ಫೋನು ನೋಡಿದೆ. ನದಿಗೇನಾದರೂ... ಬರೆಯಲೂ ಭಯ. ಆಮೇಲೆ ಬಂತು. ಸಂಜೆ ವಾಪಸಾಗುವಾಗಲೂ ಅದೇ ಕತೆ.

"ದಾರಿಯಲ್ಲಿ ಏನಾದ್ರೂ ತೊಂದರೆ ಆಯ್ತಾ ಮಾವ?"

"ಏನಿಲ್ಲ. ಗಾಳಿ."

ಗಾಳಿಗೆ ಕಾರು ನಿಲ್ಲುತ್ತದೆಯೇ? ಅತ್ತೆ ಅಡುಗೆಮನೆಗೆ ಹೋದರು. ಅವರ ತೋಳು ನೋಯುತ್ತಿದ್ದಂತೆ ಕಂಡಿತು, ಭುಜ ಒತ್ತಿಕೊಳ್ಳುತ್ತಿದ್ದರು.

ಏಪ್ರಿಲ್ ೧೨, ಶನಿವಾರ

ಮೇಷ್ಟ್ರ ಹತ್ತಿರ ಹೇಳಿದೆ. ನಿನ್ನೆ ಶುಕ್ರವಾರವೂ ಕಾರು ಸೇತುವೆಯ ಮೇಲೆ ತೆವಳಿದೆ. ಕಣ್ಣು ಮಂಜಾಗಿ ಮಾವ ಹೆದರಿ ಹೆದರಿ ಓಡಿಸುತ್ತಿದ್ದಾರೆ ಎಂದು ನನ್ನ ಲೆಕ್ಕ. "ಕೀ ಇಸ್ಕೊಂಡುಬಿಡು."

"ನಾನಾ? ನಿಮ್ಮಪ್ಪ ಅವ್ರು."

"ಅದಕ್ಕೇ ನನ್ನಿಂದ ಆಗಲ್ಲ. ನೀನು ಕಣ್ಣಿನ ಪರೀಕ್ಷೆ ಮಾಡೋಳು, ಹೇಳಿದ್ರೆ ತೂಕ ಇರುತ್ತೆ." ಶಾಲೆಯ ಮಕ್ಕಳನ್ನೆಲ್ಲ ನಡುಗಿಸುವ ಮನುಷ್ಯ ಅಪ್ಪನ ಮುಂದೆ ಹೋಂವರ್ಕ್ ಮಾಡದ ಹುಡುಗ.

ಕೀ ಕಿತ್ತುಕೊಂಡರೆ ಮಾವನ ಜೀವವನ್ನೇ ಕಿತ್ತುಕೊಂಡಂತೆ. ಮೇಷ್ಟ್ರಿಗೆ ಶಾಲೆ, ನನಗೆ ಓಡಿಸಲು ಬಾರದು, ಅತ್ತೆ ಅಕ್ಕನ ಹತ್ತಿರ ಹೋಗುವುದು ಹೇಗೆ? ಕಿತ್ತುಕೊಳ್ಳದಿದ್ದರೆ ಇಬ್ಬರೂ ಒಂದು ದಿನ ನದಿಯಲ್ಲಿ. ಮಧ್ಯೆ ಸಿಕ್ಕಿಕೊಂಡವಳು ನಾನು.

ಕಾರಿನೊಳಗೆ ಹೋಗಿ ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟ, ತಳದಲ್ಲಿ ನೀರು. ಡ್ರೈವರ್ ಸೀಟಿನ ಮೇಲೆ ಸೋಫಾದ ಮೆತ್ತೆ. ಕೇಳಿದ್ದಕ್ಕೆ ಮಾವ ಗಂಟಲು ಒಣಗುತ್ತದೆ ಎಂದರು, ಬೆನ್ನು ನೋಯುತ್ತದೆ ಎಂದರು. ಒಂದೇ ವಾರದಲ್ಲಿ ಕಣ್ಣು, ಗಂಟಲು, ಬೆನ್ನು ಮೂರೂ ಹೋದವೇ? ಮೊದಲೆಲ್ಲ ಸಂಜೆ ಅಂಗಡಿಗೆ ಕಾರು ತಂದು ನನ್ನನ್ನು ಕರೆದೊಯ್ಯುತ್ತಿದ್ದವರು ಈಗ ನಡೆದು ಬರುತ್ತಾರೆ. "ನಡೆದ್ರೆ ಒಳ್ಳೇದು" ಅಂತೆ. ತಲೆಯಲ್ಲಿ ಹುಳ ಬಿಟ್ಟಂತಾಗಿದೆ.

ಏಪ್ರಿಲ್ ೨೦, ಭಾನುವಾರ

ಅಂಗಡಿಗೆ ರಜೆ. ಮಾವನನ್ನು ಒಪ್ಪಿಸಿ ಕರೆದುಕೊಂಡು ಹೋದೆ. "ಪರೀಕ್ಷೆನಾ? ನಡಿ, ಫಸ್ಟ್ ಕ್ಲಾಸ್ ಬರ್ತೀನಿ" ಎಂದು ಎದೆಯುಬ್ಬಿಸಿ ಬಂದರು.

ಒಂದು ಕೆಲಸ ಮಾಡಿದ್ದೆ. ಗೋಡೆಯ ಅಕ್ಷರಪಟ ಹಳೆಯದಾಗಿತ್ತು, ಹಿಂದಿನ ದಿನ ಬೇರೆ ಹಾಕಿದ್ದೆ. ಹೊಸ ಪಟ, ಬೇರೆ ಅಕ್ಷರಗಳು. ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ, "ಮೇಲಿಂದ ಓದಿ" ಎಂದೆ.

ಮಾವ ಕತ್ತು ನೆಟ್ಟಗೆ ಮಾಡಿ, ಎಲ್ಲೂ ತಡವರಿಸದೆ, ಕೊನೆಯ ಸಾಲಿನವರೆಗೆ ಓದಿದರು. ಗ, ರ, ಠ, ಬ, ಲ... ಒಂದೂ ತಪ್ಪಿಲ್ಲ. ಆದರೆ ಅದು ಗೋಡೆಯ ಮೇಲೆ ಈಗಿಲ್ಲದ ಹಳೆಯ ಪಟ. ದಿನಾ ಸಂಜೆ ಅಡ್ಡಗೋಡೆಯ ಆಚೆ ಬೆಂಚಿನ ಮೇಲೆ ಕೂತು ನನಗಾಗಿ ಕಾಯುತ್ತಾರಲ್ಲ, ಒಳಗೆ ಗಿರಾಕಿಗಳು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಆಗಿಹೋಗಿದೆ.

"ಎಷ್ಟು ಬಂತು ಮಾರ್ಕು?" ಎಂದರು ಗೋಡೆಯ ಕಡೆ ನಗುತ್ತಾ.

ಅಳು ಬಂತು. ನಿಜವಾಗಿ ಬಂತು. ಗಿರಾಕಿಗಳಿಗೆ ಎಷ್ಟು ಸಲ ಕೆಟ್ಟ ಸುದ್ದಿ ಹೇಳಿಲ್ಲ ನಾನು? ಇವತ್ತು ದೀಪ ಆರಿಸಿ, "ಚೆನ್ನಾಗಿ ಓದಿದ್ರಿ ಮಾವ" ಎಂದೆ. ಸುಳ್ಳಲ್ಲ. ಚೆನ್ನಾಗಿಯೇ ಓದಿದರು.

ಮೇ ೬, ಮಂಗಳವಾರ

ಈಗ ಇನ್ನೊಂದು ವಿಚಿತ್ರ. ಎರಡು ಸಂದೇಶಗಳ ನಡುವಿನ ಹೊತ್ತು ಕಮ್ಮಿಯಾಗುತ್ತಾ ಬರುತ್ತಿದೆ! ಕಳೆದ ವಾರ ಒಬ್ಬ ಗಿರಾಕಿಯಷ್ಟು, ಇವತ್ತು ಅರ್ಧ ಗಿರಾಕಿ. ಕಣ್ಣು ಹೀಗೆ ಸುಧಾರಿಸುವುದಿಲ್ಲ, ಇದು ನನ್ನ ಕಸುಬು, ನನಗೆ ಗೊತ್ತು. ಕಣ್ಣು ಹೋಗುತ್ತಿದೆ, ಓಟ ಸುಧಾರಿಸುತ್ತಿದೆ. ಮಾವ ಸೇತುವೆಯನ್ನೂ ಅಕ್ಷರಪಟದ ಹಾಗೆ ಬಾಯಿಪಾಠ ಮಾಡಿಕೊಂಡರೇ? ಹಾಗಿದ್ದರೆ ಇನ್ನೂ ಅಪಾಯ. ಎದುರಿಗೆ ಬರುವ ಲಾರಿಯನ್ನು ಬಾಯಿಪಾಠ ಮಾಡಲಾಗುವುದಿಲ್ಲ.

ಮೇ ೯, ಶುಕ್ರವಾರ

ಮನಸ್ಸು ಗಟ್ಟಿ ಮಾಡಿಕೊಂಡು ಬೆಳಗ್ಗೆ ಮಾವನ ಅಂಗಿಯ ಜೇಬಿನಿಂದ ಕೀ ತೆಗೆದೆ. ಅಂಗಡಿಗೆ ತಂದು ಲೆನ್ಸ್ ಡ್ರಾಯರಿನಲ್ಲಿ ಬಚ್ಚಿಟ್ಟೆ. ಮೇಷ್ಟ್ರಿಗೆ 'ಆಯಿತು' ಎಂದು ಕಳಿಸಿದೆ. 'ಶಭಾಷ್' ಎಂದು ಉತ್ತರ ಬಂತು, ನನಗೇನೋ ಬಹುಮಾನ ಬಂದ ಹಾಗೆ.

ಮಧ್ಯಾಹ್ನ ಫೋನು ಗುಂಯ್ ಎಂದಿತು. 'ನಿಮ್ಮ ವಾಹನ ಪಶ್ಚಿಮ ದ್ವಾರ ದಾಟಿದೆ.'

ಡ್ರಾಯರ್ ಎಳೆದು ನೋಡಿದೆ. ಕೀ ನನ್ನ ಮುಂದೆಯೇ ಇದೆ. ಕಾರು ಸೇತುವೆಯ ಮೇಲಿದೆ.

ಮೇ ೧೩, ಮಂಗಳವಾರ

ಅರ್ಧ ದಿನ ರಜೆ ಹಾಕಿ ಪಶ್ಚಿಮ ದ್ವಾರಕ್ಕೆ ಹೋದೆ. ಪಕ್ಕದಲ್ಲಿ ಗೇಟಿನವರ ಗೂಡಿನಂಥ ಕೋಣೆ, ಅದರ ನೆರಳಿನಲ್ಲಿ ನಿಂತೆ. ವಾಹನಗಳು ಬರುತ್ತವೆ, ಮೇಲಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗುತ್ತದೆ, ಕಂಬ ಏಳುತ್ತದೆ, ಬೀಳುತ್ತದೆ. ಒಬ್ಬ ಟ್ಯಾಗಿನ ಮೇಲೆ ಬಣ್ಣದ ಪರದೆ ಅಂಟಿಸಿಕೊಂಡು ಬಂದು, ಓದಲಿಲ್ಲವೆಂದು ಗೇಟಿನ ಜೊತೆಗೇ ಜಗಳಕ್ಕೆ ನಿಂತ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ನಾನು ಬಂದಿದ್ದೇಕೆ ಎಂಬುದೂ ಒಂದು ಕ್ಷಣ ಮರೆತಿತ್ತು.

"ಯಾರನ್ನಾದ್ರೂ ಕಾಯ್ತಿದೀರಾಮ್ಮ?" ಎಂದ ಗೇಟಿನವನು. ನಮ್ಮ ಕಾರಿನ ಬಣ್ಣ, ನಂಬರು ಹೇಳಿದೆ. ಅವನ ಮುಖ ಅರಳಿತು. "ಓ, ನಮ್ಮ ಅಜ್ಜಿ ಕಾರಾ! ಈಗ ಬರೋ ಹೊತ್ತು. ಮೊದಮೊದಲು ಗೇಟು ಎದ್ದ ಕೂಡ್ಲೇ ಅವರ ಗಾಡಿ ಆಫ್ ಆಗ್ಬಿಡೋದು. ಹಿಂದಿನವರೆಲ್ಲ ಹಾರನ್ನು ಒತ್ತಿ ಪ್ರಾಣ ತಿನ್ನೋರು. ಅಜ್ಜಿ ಕಿಟಕಿಯಿಂದ ತಲೆ ಹಾಕಿ, 'ನೀವೇನು ಹೊಟ್ಟೆಯಲ್ಲೇ ಕಲ್ತು ಬಂದ್ರಾ?' ಅಂತ ಕೇಳಿದ್ರು ನೋಡಿ, ಎಲ್ಲಾ ಗಪ್‌ಚುಪ್!"

ಯಾವ ಅಜ್ಜಿ ಎಂದು ಕೇಳುವಷ್ಟರಲ್ಲಿ ಕಾರು ಬಂತು.

ಸ್ಟೀರಿಂಗ್ ಹಿಡಿದು ಕೂತಿದ್ದವರು ನಮ್ಮ ಅತ್ತೆ. ಕೆಳಗೆ ಸೋಫಾದ ಮೆತ್ತೆ, ಗಲ್ಲ ಮುಂದಕ್ಕೆ, ತುಟಿ ಬಿಗಿ. ಮನೆಯಲ್ಲಿ ಸ್ವಿಚ್ಚು ಹಾಕುವಾಗಲೂ ಕೈ ಒರೆಸಿಕೊಂಡು ಹಾಕುವ ನಮ್ಮ ಅತ್ತೆ! ಡ್ಯಾಶ್‌ಬೋರ್ಡಿನ ಮೇಲೆ ಸ್ಟೀಲ್ ಲೋಟ, ಅಂಚಿನವರೆಗೆ ನೀರು. ಪಕ್ಕದ ಸೀಟಿನಲ್ಲಿ ಮಾವ ಕೈಕಟ್ಟಿ, ಕಣ್ಣು ಮುಚ್ಚಿ ಕೂತಿದ್ದಾರೆ, ಇಂಜಿನಿನ ಸದ್ದಿಗೆ ಕಿವಿಗೊಟ್ಟು. ಹಸಿರು ಮಿನುಗಿತು. ಕಂಬ ಎದ್ದಿತು. ಕಾರು ಬೆಣ್ಣೆಯ ಹಾಗೆ ಮುಂದೆ ಹೋಯಿತು. ನೀರು ತುಳುಕಲಿಲ್ಲ.

ನನ್ನ ಕೈಯಲ್ಲಿ ಫೋನು ಗುಂಯ್ ಎಂದಿತು. 'ನಿಮ್ಮ ವಾಹನ...' ಎದುರಿಗೇ ನೋಡಿದ್ದನ್ನು ನನಗೇ ಹೇಳಲು ಬಂದಿತ್ತು.

ಮೇ ೧೪, ಬುಧವಾರ

ಯಾರಿಗೂ ಹೇಳಿಲ್ಲ. ಲೋಟದ ವಿಷಯ ಮಾತ್ರ ಮೇಷ್ಟ್ರ ಹತ್ತಿರ ಸುತ್ತಿ ಬಳಸಿ ಕೇಳಿದೆ. ಮಾವ ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ಕಲಿಸುತ್ತಿದ್ದದ್ದೇ ಹಾಗಂತೆ. ನೀರು ತುಂಬಿದ ಲೋಟ ಇಟ್ಟು, ತುಳುಕದಂತೆ ಗೇರು ಹಾಕಬೇಕು, ತುಳುಕದಂತೆ ನಿಲ್ಲಿಸಬೇಕು. ತುಳುಕಿದರೆ ಮತ್ತೆ ಮೊದಲಿನಿಂದ.

ಅಂದರೆ ನಾವು ಕೀ ಕಿತ್ತುಕೊಳ್ಳುವುದು ಹೇಗೆಂದು ಪಿಸುಗುಟ್ಟುತ್ತಿದ್ದಾಗ ಅವರು ಆಗಲೇ ಬಿಟ್ಟುಕೊಟ್ಟಾಗಿತ್ತು. ನಮಗೆ ಯಾಕೆ ಹೇಳಲಿಲ್ಲ? ಹೇಳಿದರೆ ಕಣ್ಣು ಹೋಗಿದ್ದು ಬಯಲಾಗುತ್ತದೆ. ಅತ್ತೆಗೂ ಈ ವಯಸ್ಸಿನಲ್ಲಿ ಏನು ಶೋಕಿ ಎಂದು ನಾವು ನಗುತ್ತೇವೆಂಬ ಅಳುಕು ಇದ್ದಿರಬೇಕು. ನಾನು ನಗುತ್ತಿದ್ದೆನೇ? ಮಾರ್ಚಿನಲ್ಲಾದರೆ ನಗುತ್ತಿದ್ದೆ.

ಕಲಿಯುವವರ ಪಕ್ಕ ಕೂರುವವರಿಗೆ ಕಣ್ಣು ಚೆನ್ನಾಗಿರಬೇಕು, ಇದು ಸರಿಯಲ್ಲ ಎಂದೂ ಗೊತ್ತು. ಬೇಗ ಲೈಸೆನ್ಸ್ ಆಗಬೇಕು. ಆದರೆ ನಾನು ಕಂಡೆ ಎಂದು ಹೇಳದೆ ಆತುರಪಡಿಸುವುದು ಹೇಗೆ? ಊಟಕ್ಕೆ ಕೂತಾಗ, ಸೇತುವೆಯ ಗೇಟಿನಲ್ಲಿ ಇನ್ನು ಮೇಲೆ ಲೈಸೆನ್ಸ್ ಕೇಳುತ್ತಾರಂತೆ ಎಂದು ಗಾಳಿಗೊಂದು ಸುದ್ದಿ ಬಿಟ್ಟೆ. ಅತ್ತೆಯ ಸೌಟು ನಿಂತಿತು. ಮಾವ ನನ್ನ ಕಡೆ ತಿರುಗಿ, "ಯಾರಂದ್ರು?" ಎಂದರು.

"ಗಿರಾಕಿಯೊಬ್ರು."

ಜೂನ್ ೫, ಗುರುವಾರ

ಇವತ್ತು ಅಂಗಡಿಗೆ ಅತ್ತೆ ಬಂದರು. ಮಾವನ ತೋಳು ಹಿಡಿದುಕೊಂಡು. ಯಾರು ಯಾರ ತೋಳು ಹಿಡಿದಿದ್ದರೋ ಹೇಳುವುದು ಕಷ್ಟ. ಮಾವ ತಮ್ಮ ಬೆಂಚಿನ ಮೇಲೆ ಕೂತರು, ಅತ್ತೆ ಸರದಿಯಲ್ಲಿ ಕೂತರು. ಮನೆಯವರೆಂದು ಮುಂದೆ ಕರೆದರೆ, "ಬೇಡಮ್ಮ, ಎಲ್ರ ಹಾಗೇ" ಎಂದರು.

ಸರದಿ ಬಂದಾಗ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. "ಕಣ್ಣು ಚೆನ್ನಾಗಿದೆ ಅಂತ ಒಂದು ಚೀಟಿ ಬೇಕಿತ್ತು."

"ಯಾತಕ್ಕೆ ಅತ್ತೆ?"

"ಸುಮ್ನೆ. ಇರಲಿ ಅಂತ."

ನಾನೂ ಮುಖದ ಒಂದು ಗೆರೆ ಅಲುಗಿಸಲಿಲ್ಲ. ದೀಪ ಹಾಕಿದೆ, ಒಂದು ಕಣ್ಣು ಮುಚ್ಚಿಸಿದೆ. ಅತ್ತೆ ಓದತೊಡಗಿದರು. ಹೊಸ ಪಟವನ್ನು, ಇದ್ದದ್ದು ಇದ್ದ ಹಾಗೆ. ಕೊನೆಯ ಸಾಲಿನಲ್ಲಿ ಒಂದು ಅಕ್ಷರಕ್ಕೆ ತಡೆದು, ಕಣ್ಣು ಕಿರಿದು ಮಾಡಿ, ಸರಿಯಾಗಿಯೇ ಹೇಳಿದರು. ಅಡ್ಡಗೋಡೆಯ ಆಚೆ ಬೆಂಚು ಕಿರುಗುಟ್ಟಿತು.

"ಇದೇನಿದು, ಅಕ್ಷರ ಬೇರೆ ಆಗಿದೆಯಾ?" ಮಾವನ ದನಿ.

ನಾನು ಪೆನ್ನು ಹಿಡಿದವಳು ಹಾಗೇ ನಿಂತೆ. "ಹೌದು ಮಾವ. ಏಪ್ರಿಲ್‌ನಲ್ಲೇ ಬದಲಾಯಿಸಿದ್ದೆ."

ಹೊರಗೆ ಮಾವ ಮೆಲ್ಲಗೆ ನಕ್ಕರು. "ಹಂಗಾದ್ರೆ ನಾನು ಫೇಲು ಅಂತ ನಿಂಗವತ್ತೇ ಗೊತ್ತಿತ್ತು."

"ಗೊತ್ತಿತ್ತು."

"ನಂಗೂ ಗೊತ್ತಿತ್ತಮ್ಮ. ಕಣ್ಣಿನ ಹಿಂಭಾಗ ಸವೆದಿದೆ, ಕನ್ನಡಕದಿಂದ್ಲೂ ಆಗಲ್ಲ, ಆಪರೇಷನ್‌ನಿಂದ್ಲೂ ಆಗಲ್ಲ ಅಂತ ಮಾರ್ಚ್ ಕೊನೇಲೇ ಅಂದ್ರು ಡಾಕ್ಟ್ರು. ಅವತ್ತಿಂದ ಸ್ಟೀರಿಂಗ್ ಮುಟ್ಟಿಲ್ಲ. ಇವಳ ಅಕ್ಕ ಕಾಯ್ತಾಳಲ್ಲ ಅಂತ ಇವಳನ್ನ..."

"ಬಾಯ್ಬಿಟ್ರಾ ನೀವು!" ಎಂದು ಅತ್ತೆ ಕುರ್ಚಿಯಿಂದಲೇ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, ಮಗುವಿನ ಹಾಗೆ, "ನಗ್ತೀಯಾ?" ಎಂದರು.

ನಗಲಿಲ್ಲ. ಚೀಟಿಗೆ ಸಹಿ ಹಾಕಿ, ಮುದ್ರೆ ಒತ್ತಿ ಅವರ ಕೈಯಲ್ಲಿಟ್ಟೆ. ಲೆನ್ಸ್ ಡ್ರಾಯರು ತೆಗೆದು ಮಾವನ ಕೀಯನ್ನೂ ಕೊಟ್ಟೆ. ಅತ್ತೆ ಅದನ್ನು ತಿರುಗಿಸಿ ನೋಡಿ, "ಇದನ್ನೇ ಹುಡುಕಿ ಮನೆಯೆಲ್ಲ ಗುಡಿಸಿದ್ವಲ್ಲ! ನಂದು ಬೇರೆ ಮಾಡಿಸ್ಕೊಂಡಿದ್ದೆ, ಬಚಾವ್" ಎಂದರು. ಆಗ ಮೂವರೂ ನಕ್ಕೆವು. ಹೊರಗೆ ಕೂತಿದ್ದ ಗಿರಾಕಿಗಳೂ ನಕ್ಕರು, ಯಾಕೆಂದು ತಿಳಿಯದೆ.

ಜುಲೈ ೮, ಮಂಗಳವಾರ

ಪಾಸು! ಹಿಮ್ಮುಖವಾಗಿ ನಿಲ್ಲಿಸುವಾಗ ಪರೀಕ್ಷೆ ಮಾಡುವವನು ಆಕಳಿಸಿದನಂತೆ, "ನಿದ್ದೆ ಬಂದ್ರೆ ಇಳಿದು ಮುಖ ತೊಳ್ಕೊಂಡು ಬಾಪ್ಪ, ನಾನು ಕಾಯ್ತೀನಿ" ಎಂದರಂತೆ ಅತ್ತೆ. ಊಟದ ಹೊತ್ತಿಗೆ ಮಾವ ತಮ್ಮ ಕೀ ತಂದು ಮೇಷ್ಟ್ರ ತಟ್ಟೆಯ ಪಕ್ಕ ಇಟ್ಟು, "ನಾನು ರಿಟೈರ್ ಆದೆ" ಎಂದರು. ಮೇಷ್ಟ್ರು ನನ್ನ ಮುಖ ನೋಡಿದರು, ಕೀ ನೋಡಿದರು, ಅತ್ತೆಯ ಲೈಸೆನ್ಸ್ ನೋಡಿದರು. ಮೊದಲ ಸಲ ಅವರಿಗೆ ವಿವರಿಸಲು ಏನೂ ಸಿಗಲಿಲ್ಲ. ಎದ್ದು ಹೋಗಿ ಅಪ್ಪನ ಪಕ್ಕ ಕೂತುಬಿಟ್ಟರು.

ಜುಲೈ ೧೫, ಮಂಗಳವಾರ

ರಜೆ ಹಾಕಿ ನಾನೂ ದೊಡ್ಡತ್ತೆಯನ್ನು ನೋಡಲು ಹೊರಟೆ. ಅತ್ತೆ ಮುಂದೆ, ಮಾವ ಪಕ್ಕದಲ್ಲಿ, ನಾನು ಹಿಂದೆ. ಲೋಟ ತನ್ನ ಜಾಗದಲ್ಲಿ. ಒಳಗನ್ನಡಿಯ ಹಿಂದೆ ಟ್ಯಾಗು ಸೊಟ್ಟಗೇ ಇದೆ, ಇನ್ನು ಅದು ಹಾಗೇ. ಪಶ್ಚಿಮ ದ್ವಾರದಲ್ಲಿ ಗೇಟಿನವನು ಎದ್ದು ನಿಂತು ಕೈಯೆತ್ತಿದ. ಕಂಬ ಎದ್ದಿತು. ನನ್ನ ಚೀಲದೊಳಗೆ ಫೋನು ಗುಂಯ್ ಎಂದಿತು.

"ಏನಂತೆ?" ಎಂದರು ಮಾವ.

"ನಿಮ್ಮ ವಾಹನ ದಾಟಿದೆ ಅಂತೆ."

"ಯಾರು ಓಡಿಸ್ತಿದಾರೆ ಅಂತ ಹೇಳಲ್ವಾ?"

"ಇಲ್ಲ ಮಾವ. ಅಷ್ಟೆಲ್ಲ ಗೊತ್ತಾಗಲ್ಲ ಅದಕ್ಕೆ."

ಸೇತುವೆಯ ಮೇಲೆ ಗಾಳಿ ಬೀಸಿತು. ಮಾವ ಕಿಟಕಿಯ ಗಾಜು ಇಳಿಸಿ, ಮುಖ ಹೊರಗೆ ಮಾಡಿ ಕೂತರು. ಸ್ವಲ್ಪ ಹೊತ್ತಿಗೆ ಹೇಳಿದರು: "ಈ ನದಿ ಎಷ್ಟು ಸಲ ದಾಟಿದೀನೋ ಲೆಕ್ಕ ಇಲ್ಲ. ಒಂದ್ಸಲಾನೂ ನೋಡಿಲ್ಲ ನಾನು."

"ಅದು ಹೇಗೆ?"

"ಡ್ರೈವರ್ ಕಣ್ಣು ರಸ್ತೆ ಬಿಟ್ಟು ಆಚೆ ಹೋಗ್ಬಾರ್ದು. ಹಿಂದೆ ಕೂತೋರೆಲ್ಲ ನೋಡೋರು, ಆಹಾ ಅನ್ನೋರು. ಒಂದಿನ ಪಕ್ಕದ ಸೀಟಲ್ಲಿ ಕೂತು ಪುರುಸೊತ್ತಾಗಿ ನೋಡೋಣ ಅಂದ್ಕೊಂಡಿದ್ದೆ." ಕೈಯಿಂದ ಸೀಟನ್ನು ತಟ್ಟಿದರು. "ಸೀಟೇನೋ ಸಿಕ್ತು. ಈಗ ಬರೀ ಬೆಳ್ಳಗೆ ಕಾಣುತ್ತೆ. ಏನೇನಿದೆ ಅಲ್ಲಿ?"

ನಾನು ಮುಂದಕ್ಕೆ ಬಾಗಿ ಅವರ ಭುಜದ ಮೇಲಿಂದ ನೋಡಿದೆ. ನಾನೂ ಯಾವತ್ತು ನೋಡಿದ್ದೆ? ನೀರು ಈ ದಡದ ಹತ್ತಿರ ಮಣ್ಣಿನ ಬಣ್ಣ, ನಡುವೆ ಹಸಿರು ಎಂದು ಹೇಳಿದೆ. ಒಂದು ದೋಣಿ ಇದೆ, ಅದರಲ್ಲಿ ಇಬ್ಬರು, ಒಬ್ಬ ಮಲಗಿಕೊಂಡಿದ್ದಾನೆ. ಮಾವ ನಕ್ಕರು, "ಸೋಮಾರಿ. ಆಮೇಲೆ?" ಸೇತುವೆಯ ಕಂಬದ ಬುಡದಲ್ಲಿ ಬಿಳಿ ಹಕ್ಕಿಗಳ ಸಾಲು ಎಂದೆ. ಒಂದು ಮಾತ್ರ ಬೇರೆ ಕಡೆ ಮುಖ ಮಾಡಿದೆ. "ಯಾಕಂತೆ?" ಗೊತ್ತಿಲ್ಲ ಮಾವ, ಮುನಿಸಿರಬೇಕು. ನೀರಿನ ಮೇಲೆ ನಮ್ಮ ಸೇತುವೆಯ ನೆರಳು ಬಿದ್ದಿದೆ, ನೆರಳಿನ ಮೇಲೆ ನಮ್ಮ ಕಾರಿನ ನೆರಳು ಓಡುತ್ತಿದೆ. "ನಮ್ದಾ? ಹೇಗೆ ಓಡ್ತಿದೆ?" ತುಳುಕದ ಹಾಗೆ, ಎಂದೆ. ಅತ್ತೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಆದರೆ ಕಿವಿ ಕೆಂಪಾಯಿತು.

ದೂರದಲ್ಲಿ ಪೂರ್ವ ದ್ವಾರ ಕಾಣಿಸಿತು. ಹೇಳುವುದು ಇನ್ನೂ ಎಷ್ಟೋ ಉಳಿದಿತ್ತು. ಆಚೆ ದಡದ ಬಟ್ಟೆ ಒಗೆಯುವವರು, ಮರಳಿನ ದಿಬ್ಬ, ದಿಬ್ಬದ ಮೇಲೆ ಯಾರೋ ಬಿಟ್ಟುಹೋದ ಕುರ್ಚಿ.

"ಅತ್ತೆ," ಎಂದೆ, "ಸ್ವಲ್ಪ ನಿಧಾನಕ್ಕೆ ಹೋಗಿ."

ಅತ್ತೆ ಗೇರು ಇಳಿಸಿದರು. ಹಿಂದೆ ಯಾರೋ ಹಾರನ್ನು ಒತ್ತಿದರು, ಒತ್ತಲಿ. ಇವತ್ತು ಎರಡು ಸಂದೇಶಗಳ ನಡುವೆ ಎಷ್ಟು ಹೊತ್ತಾಯಿತೋ, ನಾನು ನೋಡಲಿಲ್ಲ.